ಸುವರ್ಣಮ್ಮನವರ ಡೆಡ್ ಸ್ಟಾಕ್

ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸುವರ್ಣಮ್ಮನವರ ಬಗ್ಗೆ ಒಂದು ಸುದ್ದಿ ವರ್ಷದಿಂದ ಓಡಾಡುತ್ತಿದೆ. ತೆಂಗು ಬೆಳೆಗಾರರ ಸಂಘವೊಂದರ ಕಂಪ್ಯೂಟರುಗಳನ್ನೆಲ್ಲ ಆಕೆ ಒಂದೇ ಒಂದು ಅಕ್ಷರ ಒತ್ತಿ ಬರಿದು ಮಾಡಿದರಂತೆ. ಅದರಿಂದ ಕಣ್ಣು ಕಾಣದ ಹೆಣ್ಣುಮಗಳೊಬ್ಬಳ ಕೆಲಸ ಹೋಯಿತಂತೆ. ಆ ಪಾಪ ಕಳೆದುಕೊಳ್ಳಲು ಈಗ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಬಿಟ್ಟಿ ದುಡಿದು ಬರುತ್ತಾರಂತೆ. ಅರಕಲಗೂಡಿಗೆ ತಲುಪುವ ಹೊತ್ತಿಗೆ ಸುದ್ದಿಗೆ ಕೈಕಾಲು ಬಂದಿರುತ್ತದೆ. ಅಲ್ಲಿನವರ ಪ್ರಕಾರ ಆಕೆ ಅಳಿಸಿದ್ದು ಸಂಘದ ಕಂಪ್ಯೂಟರನ್ನಲ್ಲ, ಗೊರೂರು ಅಣೆಕಟ್ಟೆಯ ಗೇಟು ಎತ್ತುವ ಕಂಪ್ಯೂಟರನ್ನು. ಆದ್ದರಿಂದಲೇ ಇಲಾಖೆ ಆಕೆಯನ್ನು ಮನೆಗೆ ಕಳಿಸಿತು.

ಇಷ್ಟರಲ್ಲಿ ನಿಜವಿರುವುದು ಆ ಒಂದು ಅಕ್ಷರ ಮತ್ತು ತಿಂಗಳಿಗೊಮ್ಮೆ ಹೋಗಿಬರುವುದು, ಇವೆರಡು ಮಾತ್ರ. ಅಣೆಕಟ್ಟೆಯ ಗೇಟಿಗೂ ಸುವರ್ಣಮ್ಮನವರಿಗೂ ಇದ್ದ ಸಂಬಂಧ ಗೇಟಿಗೆ ಹಚ್ಚುವ ಗ್ರೀಸಿನ ಡ್ರಮ್ಮುಗಳನ್ನು ಎಣಿಸಿಡುವಷ್ಟರದು. ಅವರು ಅರವತ್ತು ತುಂಬಿದ ದಿನ ಹಾರ, ಶಾಲು, ಒಂದು ಗೋಡೆ ಗಡಿಯಾರದೊಂದಿಗೆ ಮರ್ಯಾದೆಯಿಂದ ನಿವೃತ್ತರಾದರು. ಬರಿದಾದ ಕಂಪ್ಯೂಟರ್ ಒಂದೇ. ಅದೂ ಸಂಘದ್ದಲ್ಲ, ಅವರದೇ ಮನೆಯದು. ಕಣ್ಣು ಕಾಣದ ಹೆಣ್ಣುಮಗಳು ಕೆಲಸ ಕಳೆದುಕೊಂಡಿಲ್ಲ. ಆದರೆ ಒಂದು ಶನಿವಾರದಿಂದ ಸೋಮವಾರದವರೆಗೆ ಆ ಕೆಲಸ ಆಕೆಗೆ ಸಿಗದೇ ಹೋಗುವ ಭಯ ಇದ್ದದ್ದು ಹೌದು, ಮತ್ತು ಆ ಭಯಕ್ಕೆ ಕಾರಣ ಸುವರ್ಣಮ್ಮನವರೇ ಎಂಬುದೂ ಹೌದು.

ಸುವರ್ಣಮ್ಮ ಸಾಲಗಾಮೆ ಕಡೆಯ ವ್ಯಾಪಾರಸ್ಥರ ಮನೆಯ ಮಗಳು. ಗಂಡ ನೀರಾವರಿ ಇಲಾಖೆಯಲ್ಲಿ ಗೊರೂರಿನಲ್ಲಿದ್ದರು. ಕಾಯಿಲೆಯಿಂದ ತೀರಿಕೊಂಡಾಗ ಆಕೆಗೆ ಮೂವತ್ತನಾಲ್ಕು ವರ್ಷ. ಅನುಕಂಪದ ಆಧಾರದ ಮೇಲೆ ದೊರೆತ ಕೆಲಸ ಅವರನ್ನು ಅಣೆಕಟ್ಟೆಯ ಸ್ಟೋರ್ಸ್ ಎಂಬ ದೊಡ್ಡ ತಗಡಿನ ಶೆಡ್ಡಿನೊಳಗೆ ತಂದು ನಿಲ್ಲಿಸಿತು. ಬೋಲ್ಟು, ಉಕ್ಕಿನ ಹಗ್ಗ, ಟಾರ್ಪಾಲು, ಗಮ್‌ಬೂಟು, ಯಾವ ಕಾಲದ್ದೆಂದು ಯಾರಿಗೂ ತಿಳಿಯದ ಪಂಪುಗಳು. ಅಲ್ಲಿ ಮೊದಲಿನಿಂದ ಇದ್ದ ಸ್ಟೋರ್‌ಕೀಪರ್ ತಮ್ಮಯ್ಯ ಆಕೆಗೆ ಮೊದಲ ದಿನ ಹೇಳಿಕೊಟ್ಟದ್ದು ಒಂದೇ ಮಾತು: ವಸ್ತು ಇರುವುದು ದೊಡ್ಡದಲ್ಲ, ಅದು ಎಲ್ಲಿದೆ ಎಂದು ಗೊತ್ತಿರುವುದು ದೊಡ್ಡದು. ಪ್ರತಿ ಹಲಗೆಗೂ ಒಂದು ಕಾರ್ಡು ತೂಗುತ್ತಿತ್ತು. ಬಂದದ್ದೆಷ್ಟು, ಹೋದದ್ದೆಷ್ಟು, ಯಾರು ಕೇಳಿದರು, ಯಾವಾಗ ಕೇಳಿದರು, ಎಲ್ಲವೂ ಅದರಲ್ಲಿ ದಾಖಲು.

ಪ್ರತಿ ವರ್ಷ ಮಾರ್ಚಿನಲ್ಲಿ ಸುವರ್ಣಮ್ಮ ಕೆಂಪು ಪೆನ್ಸಿಲು ಹಿಡಿದು ಶೆಡ್ಡಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಮೂರು ವರ್ಷ ಯಾರೂ ಕೇಳದ ವಸ್ತುವಿನ ಕಾರ್ಡಿಗೆ ಕೆಂಪು ಗೆರೆ ಬೀಳುತ್ತಿತ್ತು. ಅದು ಡೆಡ್ ಸ್ಟಾಕ್. ಮೇಲಿನವರ ಸಹಿಯಾದ ಮೇಲೆ ಅದು ಹರಾಜಿಗೆ ಹೋಗುತ್ತಿತ್ತು. ಹಳೆಯ ಪಂಪೊಂದನ್ನು ಹೊರಹಾಕುವಾಗ ಅದರ ಜೊತೆಯ ಬಿಡಿಭಾಗಗಳ ಪಟ್ಟಿಯನ್ನೂ ಲಗತ್ತಿಸುತ್ತಿದ್ದರು; ಪಂಪೇ ಹೋದ ಮೇಲೆ ಬಿಡಿಭಾಗಗಳನ್ನು ಓದುತ್ತ ಕೂರುವ ವಾಡಿಕೆ ಯಾರಿಗೂ ಇರಲಿಲ್ಲ, ಕೆಳಗೆ ಸಹಿ ಹಾಕುತ್ತಿದ್ದರು, ಅಷ್ಟೇ. ಇಪ್ಪತ್ತಾರು ವರ್ಷ ಆಕೆ ಹೀಗೆ ಗೆರೆ ಎಳೆದರು. ಒಮ್ಮೆಯೂ ತಪ್ಪು ವಸ್ತು ಹೊರಗೆ ಹೋಗಲಿಲ್ಲ. ಒಂದು ಇಡೀ ಶೆಡ್ಡು ಖಾಲಿ ಮಾಡಿಕೊಟ್ಟದ್ದಕ್ಕೆ ಎಂಜಿನಿಯರೊಬ್ಬರು ಎಲ್ಲರೆದುರು ಹೊಗಳಿದ್ದನ್ನು ಆಕೆ ಇಂದಿಗೂ, ಕೇಳಿದರೂ ಕೇಳದಿದ್ದರೂ, ಹೇಳುತ್ತಾರೆ.

ನಿವೃತ್ತಿಯ ನಂತರ ಹೊಳೆನರಸೀಪುರದಲ್ಲಿ, ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದರು. ಅದೇ ಸುಮಾರಿಗೆ ಅರಕಲಗೂಡಿನ ಒಂದು ಟೈಪಿಂಗ್ ಶಾಲೆ ಮುಚ್ಚಿತು. ಅದರ ಐದು ಹಳೆಯ ಕಂಪ್ಯೂಟರುಗಳು ಗುಜರಿಗೆ ಹೋಗುವುದನ್ನು ತಿಳಿದ ಆಕೆ, ಮೇಜು ಬೆಂಚುಗಳ ಸಮೇತ ಅವನ್ನು ಟೆಂಪೋದಲ್ಲಿ ತರಿಸಿಕೊಂಡರು. ಅಕ್ಕನ ಮಗ ಸಿದ್ದೇಶ್ವರ ಹಾಸನದಲ್ಲಿ ಪಾಲಿಟೆಕ್ನಿಕ್ ಉಪನ್ಯಾಸಕ. ಭಾರದ ತಂತ್ರಾಂಶವನ್ನು ಈ ಮುದಿ ಯಂತ್ರಗಳು ಹೊರಲಾರವು ಎಂದು ಆತ ಐದಕ್ಕೂ ಲಿನಕ್ಸ್ ಎಂಬ ಹಗುರವಾದ, ಬಿಟ್ಟಿ ಸಿಗುವ ವ್ಯವಸ್ಥೆಯನ್ನು ಹಾಕಿಕೊಟ್ಟ. ಮುಂದಿನ ಕೋಣೆ ಹೆಂಗಸರ ಕಂಪ್ಯೂಟರ್ ಶಾಲೆಯಾಯಿತು.

ಶಾಲೆಯ ಪಾಠಕ್ರಮ ವಿಚಿತ್ರವಾಗಿತ್ತು. ಬೇರೆಡೆ ಮೊದಲ ಪಾಠ ಮೌಸ್ ಎಂಬ ಇಲಿ ಹಿಡಿಯುವುದು ಅಥವಾ ಅಕ್ಷರ ಒತ್ತುವುದು. ಇಲ್ಲಿ ಮೊದಲ ಪಾಠ ತೆಗೆದುಹಾಕುವುದು. ಒಳಗೆ ತರುವುದನ್ನು ಜಗತ್ತೇ ಕಲಿಸುತ್ತದೆ, ಹೊರಗೆ ಹಾಕುವುದನ್ನು ಯಾರೂ ಕಲಿಸುವುದಿಲ್ಲ ಎಂಬುದು ಸುವರ್ಣಮ್ಮನವರ ಸಿದ್ಧಾಂತ. ಅಂಗನವಾಡಿಯ ಮಲ್ಲಿಗಮ್ಮ ಎರಡನೆಯ ದಿನವೇ ಒಂದು ಆಟದ ಚಿತ್ರವನ್ನು ಪರದೆಯ ಮೇಲಿಂದ ಎಳೆದು ಕಸದ ಬುಟ್ಟಿಗೆ ಹಾಕಿ, ತೆಗೆದುಬಿಟ್ಟೆ ಎಂದು ಬೀಗಿದಾಗ ಸುವರ್ಣಮ್ಮ ಕನ್ನಡಕದ ಮೇಲಿನಿಂದ ನೋಡಿದರು.

"ಅಂಗಡಿ ಬೋರ್ಡ್ ಕಿತ್ತಾಕುದ್ರೆ ಅಂಗಡಿ ಓಯ್ತದೇನವ್ವ? ಸರಕು ಒಳ್ಗೇ ಐತೆ. ಬಾಗ್ಲು ಯಾವ್ದು ಅಂತ ಕಾಣ್ದಂಗೆ ಮಾಡ್ಕಂಡೆ, ಅಷ್ಟೇಯ."

ಆಮೇಲೆ ಸರಿಯಾದ ದಾರಿ ತೋರಿಸಿದರು. ಸಾಫ್ಟ್‌ವೇರ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುವುದು, ಹೆಸರು ಹುಡುಕುವುದು, ತೆಗೆ ಎಂಬ ಗುಂಡಿ ಒತ್ತುವುದು, ಗುಪ್ತಪದ ಕೊಡುವುದು. ಇದೇ ಕೆಲಸವನ್ನು ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬರೆದೂ ಮಾಡಬಹುದು. ಅಲ್ಲಿ ಯಂತ್ರ ಒಂದು ಪಟ್ಟಿ ತೋರಿಸಿ, ಮುಂದುವರಿಯಲೇ ಎಂದು ಕೇಳುತ್ತದೆ, ಹೌದು ಎಂಬುದಕ್ಕೆ ವೈ ಅಕ್ಷರ ಒತ್ತಿದರೆ ತೆಗೆಯುತ್ತದೆ. ಕೆಲವು ತಂತ್ರಾಂಶಗಳು ಬೇರೆ ಉಗ್ರಾಣದಿಂದ ಬಂದಿರುತ್ತವೆ, ಅವನ್ನು ಆ ಉಗ್ರಾಣದ ಆಜ್ಞೆಯಿಂದಲೇ ಹಿಂದಿರುಗಿಸಬೇಕು, ಇಲ್ಲಿನ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಷ್ಟನ್ನು ಆಕೆ ಗ್ರೀಸು ಬೋಲ್ಟುಗಳ ಉದಾಹರಣೆಯಲ್ಲಿ ಎಷ್ಟು ಚೆನ್ನಾಗಿ ವಿವರಿಸುತ್ತಿದ್ದರೆಂದರೆ, ಸಿದ್ದೇಶ್ವರ ತನ್ನ ವಿದ್ಯಾರ್ಥಿಗಳಿಗೂ ಅದನ್ನೇ ಹೇಳತೊಡಗಿದ್ದ. ಪ್ರತಿ ಕಂಪ್ಯೂಟರಿಗೂ ಒಂದು ಕಾರ್ಡು ತೂಗುಹಾಕಿದ್ದರು. ಯಾರು ಕುಳಿತರೂ, ಎದ್ದು ಹೋಗುವ ಮೊದಲು ಯಾವ ತಂತ್ರಾಂಶ ತೆರೆದೆವೆಂದು ಅದರಲ್ಲಿ ಬರೆಯಬೇಕು.

ಮೂರನೆಯ ಕಂಪ್ಯೂಟರ್ ಶೋಭಿತಾಳದು ಎಂದೇ ಎಲ್ಲರ ಲೆಕ್ಕ. ಮೊಸಳೆ ಎಂಬ ಊರಿನಲ್ಲಿ ಆಲೂಗಡ್ಡೆ, ರಾಗಿ ಬೆಳೆಯುವ ರಾಮಣ್ಣನ ಮಗಳು; ಇಪ್ಪತ್ತಾರು ವರ್ಷ. ಹೈಸ್ಕೂಲಿನಲ್ಲಿದ್ದಾಗ ಕಣ್ಣಿನ ದೃಷ್ಟಿ ಸ್ವಲ್ಪ ಸ್ವಲ್ಪವಾಗಿ ಹೋಯಿತು. ಐದರಲ್ಲಿ ಶಬ್ದ ಹೊರಡಿಸುವ ಭಾಗ ಸರಿಯಿದ್ದದ್ದು ಈ ಮೂರನೆಯದರಲ್ಲಿ ಮಾತ್ರ. ಅದಕ್ಕೆ ಸಿದ್ದೇಶ್ವರ, ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶವನ್ನು ಹಾಕಿದ್ದ. ಅದು ಮೂಗು ಕಟ್ಟಿದ ಗಂಡಸಿನ ದನಿಯಲ್ಲಿ ಕನ್ನಡ ಓದುತ್ತಿತ್ತು. ಶೋಭಿತಾ ಅದಕ್ಕೆ ನೆಗಡಿ ಮಾವ ಎಂದು ಹೆಸರಿಟ್ಟಳು. ಮಾವನ ಓದಿನ ವೇಗವನ್ನು ಎಷ್ಟು ಹೆಚ್ಚಿಸಿಕೊಂಡಿದ್ದಳೆಂದರೆ ಬೇರೆಯವರಿಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ರಾಗಿ ಮಿಷನ್ ಓಡಿದ ಹಾಗೆ ಎಂದು ಮಲ್ಲಿಗಮ್ಮ ನಗುತ್ತಿದ್ದರು. ಆ ಬಡಬಡಿಕೆಯನ್ನು ಕೇಳುತ್ತ ಕೇಳುತ್ತ ಎರಡು ವರ್ಷದಲ್ಲಿ ಶೋಭಿತಾ, ಕಣ್ಣಿದ್ದವರು ನಾಚುವಂತೆ, ಕನ್ನಡ ಟೈಪು ಮಾಡುವುದನ್ನು ಕಲಿತಳು.

ಚನ್ನರಾಯಪಟ್ಟಣದ ತೆಂಗು ಬೆಳೆಗಾರರ ಸಂಘಕ್ಕೆ ಪತ್ರಗಳನ್ನು ಟೈಪು ಮಾಡುವವರು ಬೇಕೆಂಬ ವಿಷಯ ಸುವರ್ಣಮ್ಮನವರ ಕಿವಿಗೆ ಬಿದ್ದು, ಅವರು ಶೋಭಿತಾಳ ಹೆಸರು ಹೇಳಿದರು. ಸಂಘದ ಕಾರ್ಯದರ್ಶಿ ದೊಡ್ಡಯ್ಯ ಕೆಟ್ಟವರಲ್ಲ, ಆದರೆ ಅನುಮಾನದ ಮನುಷ್ಯ. ಕಣ್ಣು ಕಾಣದವರು ಟೈಪು ಮಾಡುವುದೆಂದರೆ ಹೇಗೆ ಎಂಬುದು ಅವರ ತಲೆಗೆ ಹೋಗಲಿಲ್ಲ. ಕೊನೆಗೆ, ಸೋಮವಾರ ಹನ್ನೊಂದಕ್ಕೆ ಸಮಿತಿ ಸೇರುತ್ತದೆ, ಬಂದು ಮಾಡಿ ತೋರಿಸಲಿ ಎಂದರು. ಸಂಘದ ಕಂಪ್ಯೂಟರಿಗೆ ಮಾತು ಬಾರದ್ದರಿಂದ ತಮ್ಮ ಯಂತ್ರವನ್ನೇ ತರಬೇಕು. ಅದೇ ದಿನ ಇನ್ನೊಬ್ಬ ಅಭ್ಯರ್ಥಿಯೂ ಬರುತ್ತಾರೆ. ಸಮಿತಿ ಮತ್ತೆ ಸೇರುವುದು ಮೂರು ತಿಂಗಳ ನಂತರ. ಶೋಭಿತಾಳಿಗೆ ಇದಕ್ಕಿಂತ ಮೊದಲು ಯಾರೂ ಮಾಡಿ ತೋರಿಸು ಎಂದಿರಲಿಲ್ಲ. ಬೇಡಮ್ಮ, ನಿನಗ್ಯಾಕೆ ತೊಂದರೆ ಎಂದೇ ಎಲ್ಲರೂ ಕಳಿಸಿದ್ದರು.

ಶನಿವಾರ ಬೆಳಿಗ್ಗೆ ಸುವರ್ಣಮ್ಮ ಮೂರನೆಯ ಕಂಪ್ಯೂಟರನ್ನು ಪ್ರಯಾಣಕ್ಕೆ ಸಿದ್ಧಪಡಿಸಲು ಕುಳಿತರು. ಡಿಸ್ಕು ನೂರಕ್ಕೆ ತೊಂಬತ್ತೇಳು ತುಂಬಿತ್ತು. ಕಲಿಯಲು ಬಂದವರು ಹಾಕಿದ ಎರಡು ಆಟ, ಒಂದು ಚಿತ್ರ ಬರೆಯುವ ತಂತ್ರಾಂಶ. ಮೂರನ್ನೂ ಸಾಫ್ಟ್‌ವೇರ್ ಮ್ಯಾನೇಜರಿನಿಂದ ಕ್ರಮವಾಗಿ ತೆಗೆದರು. ಅಷ್ಟಕ್ಕೇ ಎದ್ದಿದ್ದರೆ ಹೇಳಲು ಕತೆಯೇ ಇರುತ್ತಿರಲಿಲ್ಲ. ಆದರೆ ಆಕೆಗೆ ಹಳೆಯ ಮಾರ್ಚ್ ತಿಂಗಳ ಹುರುಪು ಬಂದಿತ್ತು. ಟರ್ಮಿನಲ್ ತೆರೆದು, ಈ ಯಂತ್ರದಲ್ಲಿ ಇರುವುದನ್ನೆಲ್ಲ ತೋರಿಸು ಎಂದರು. ಸಾವಿರದ ಎಂಟುನೂರು ಚಿಲ್ಲರೆ ಹೆಸರುಗಳು ಸರಸರನೆ ಇಳಿದವು. ಎರಡು ವರ್ಷದ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ತಾಳೆ ನೋಡಿದರು. ಇವುಗಳಲ್ಲಿ ಬಹುಪಾಲನ್ನು ಯಾರೂ, ಒಂದು ದಿನವೂ, ಹೆಸರು ಹಿಡಿದು ಕೇಳಿಲ್ಲ.

ಅಂಥ ಹೆಸರುಗಳಲ್ಲಿ ಮೊದಲಿಗೆ ಕಣ್ಣಿಗೆ ಬಿದ್ದದ್ದು ನಡುವೆ ಅಡ್ಡಗೀಟಿದ್ದ, ನಾಲಿಗೆಗೆ ಸಿಗದ ಒಂದು ಹೆಸರು. ಕಾರ್ಡಿನಲ್ಲಿ ಅದರ ಸುಳಿವಿಲ್ಲ. ಅದನ್ನು ತೆಗೆ ಎಂದು ಸಾಲು ಬರೆದರು. ಯಂತ್ರ ಒಂದು ಉದ್ದನೆಯ ಪಟ್ಟಿ ತೋರಿಸಿ, ಇದರ ಜೊತೆಗೆ ಇವೂ ಹೋಗುತ್ತವೆ, ಮುಂದುವರಿಯಲೇ ಎಂದು ಕೇಳಿತು. ಪಂಪಿನ ಬಿಡಿಭಾಗಗಳ ಪಟ್ಟಿ! ಸುವರ್ಣಮ್ಮ ಓದಲಿಲ್ಲ. ವೈ ಒತ್ತಿದರು. ಕೆಲಸ ಮುಗಿದ ಮೇಲೆ ಯಂತ್ರ ತಾನಾಗಿಯೇ ಇನ್ನೊಂದು ಮಾತು ಹೇಳಿತು: ಈಗ ಇನ್ನೂರ ಹದಿನಾಲ್ಕು ವಸ್ತುಗಳು ಯಾರಿಗೂ ಬೇಡವಾಗಿವೆ, ಬೇಕಿದ್ದರೆ ಒಂದೇ ಆಜ್ಞೆಯಲ್ಲಿ ತೆಗೆಯಬಹುದು. ಡೆಡ್ ಸ್ಟಾಕನ್ನು ತಾನೇ ಪಟ್ಟಿಮಾಡಿ ಕೈಗೆ ಕೊಡುವ ಸಹಾಯಕನನ್ನು ಆಕೆ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಸಂತೋಷದಿಂದ ಎರಡನೆಯ ಸಲ ವೈ ಒತ್ತಿದರು. ಡಿಸ್ಕು ಎಪ್ಪತ್ತೊಂದಕ್ಕೆ ಇಳಿಯಿತು. ಯಂತ್ರವನ್ನು ಆರಿಸಿ, ಒಲೆಯ ಮೇಲೆ ಉಪ್ಪಿಟ್ಟಿಗೆ ರವೆ ಹುರಿಯಲು ಒಳಗೆ ಹೋದರು.

ಯಾರೂ ಹೆಸರು ಹಿಡಿದು ಕೇಳದ ಆ ವಸ್ತು, ಪರದೆಯ ಮೇಲೆ ಏನಿದೆ ಎಂಬುದನ್ನು ನೆಗಡಿ ಮಾವನಿಗೆ ಮುಟ್ಟಿಸುವ ನಾಲೆಯಾಗಿತ್ತು. ಕಂಪ್ಯೂಟರ್ ಹಚ್ಚಿದ ಕೂಡಲೇ ಅದು ತಾನಾಗಿ ಹರಿಯುತ್ತಿತ್ತು. ಆದ್ದರಿಂದಲೇ ಯಾರೂ ಅದನ್ನು ತೆರೆಯಬೇಕಾಗಿರಲಿಲ್ಲ, ಕಾರ್ಡಿನಲ್ಲಿ ಬರೆಯಬೇಕಾಗಿರಲಿಲ್ಲ. ಅದನ್ನು ನಂಬಿಕೊಂಡು ಮಾವನಿದ್ದ, ಇಡೀ ಪರದೆಯ ವ್ಯವಸ್ಥೆಯೂ ಇತ್ತು. ಎಲ್ಲವೂ ಪಟ್ಟಿಯಲ್ಲಿದ್ದವು, ಎಲ್ಲವೂ ಹೋದವು.

ಮಧ್ಯಾಹ್ನ ಎರಡಕ್ಕೆ ಶೋಭಿತಾ ಕೊನೆಯ ಅಭ್ಯಾಸಕ್ಕೆಂದು ಬಂದಳು. ಗುಂಡಿ ಒತ್ತಿ, ಎಂದಿನಂತೆ ಕೈಕಟ್ಟಿ ಮಾವನ ಮೊದಲ ಮಾತಿಗೆ ಕಾದಳು. ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಸುವರ್ಣಮ್ಮ ಬಂದು ನೋಡಿದರೆ ಕಪ್ಪು ಪರದೆಯ ಮೂಲೆಯಲ್ಲಿ ಹೆಸರು ಕೇಳುವ ಒಂದೇ ಸಾಲು. ಚಿತ್ರವಿಲ್ಲ, ಕಿಟಕಿಯಿಲ್ಲ. ಏನಾಗಿದೆ ಎಂದು ಆಕೆಗೆ ಅರ್ಥವಾಗಲು ಅರ್ಧ ನಿಮಿಷ ಸಾಕಾಯಿತು. ಮುಚ್ಚಿಡುವ ಸ್ವಭಾವ ಅವರದಲ್ಲ.

"ಮಾವುನ್ನ ನಾನೇ ಕಳಿಸ್ಬುಟ್ಟೆ ಕಣವ್ವ. ಡೆಡ್ ಸ್ಟಾಕ್ ಅಂದ್ಕಂಡೆ."

"ಎಲ್ಗೆ ಕಳಿಸುದ್ರಿ?"

"ಅದೇ ಗೊತ್ತಿಲ್ಲ."

ಶೋಭಿತಾ ಮೇಜಿನ ಅಂಚನ್ನು ಬೆರಳಿನಿಂದ ಸವರಿದಳು. "ನಾಡಿದ್ದೇ ಸೋಮವಾರ ಅಮ್ಮ," ಎಂದಳು. ಗೊತ್ತು ಎಂದರು ಸುವರ್ಣಮ್ಮ.

ಸಿದ್ದೇಶ್ವರನಿಗೆ ಫೋನು ಹೋಯಿತು. ಆತ ಅರಕಲಗೂಡಿನಲ್ಲಿ ನೆಂಟರ ಮದುವೆಯಲ್ಲಿ ಊಟ ಬಡಿಸುತ್ತಿದ್ದ. ಹಿಂದೆ ವಾಲಗ ಜೋರಾಗಿತ್ತು. ವಿಷಯ ಕೇಳಿ ಆತ ಗಾಬರಿಯಾಗಲಿಲ್ಲ. ಇಂಥ ಸಂದರ್ಭದಲ್ಲಿ ಎಲ್ಲ ಜಾಣರೂ ಹೇಳುವುದನ್ನೇ ಹೇಳಿದ: ಯಾರೂ ಮುಟ್ಟಬೇಡಿ, ಮಂಗಳವಾರ ಬಂದು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಡುತ್ತೇನೆ, ಒಂದು ಗಂಟೆಯ ಕೆಲಸ. ಮಂಗಳವಾರ ಬಂದು ಯಾರ ಉಪಯೋಗಕ್ಕೆ ಎಂದು ಸುವರ್ಣಮ್ಮ ರೇಗಿದರು. ಆಮೇಲೆ ಅವರಿಗೆ ಸ್ಟೋರ್‌ಕೀಪರಿಗೆ ಮಾತ್ರ ಹೊಳೆಯಬಹುದಾದ ಒಂದು ಪ್ರಶ್ನೆ ಹೊಳೆಯಿತು.

"ಸಿದ್ದು, ಒಂದ್ ಮಾತು ಏಳು. ಯಾವ್ ಸರ್ಕು ಯಾವತ್ತು ಆಚೆಗೋಯ್ತು ಅಂತ ಬರ್ದಿಡೋ ಬುಕ್ಕಿಲ್ದೆ ಯಾವನಾದ್ರೂ ಗೋಡೌನ್ ನಡುಸ್ತಾನೇನ್ಲಾ?"

ಆ ಕಡೆಯಿಂದ ಮೊದಲು ನಗು ಕೇಳಿಸಿತು. "ಐತೆ ಚಿಕ್ಕಮ್ಮ," ಎಂದ ಸಿದ್ದೇಶ್ವರ, ತನಗೇ ನೆನಪಾಗಲಿಲ್ಲವಲ್ಲ ಎಂಬ ದನಿಯಲ್ಲಿ. "ತಾರೀಕು, ಟೈಮು ಸಮೇತ ಬರ್ದಿರ್ತದೆ. ಬರ್ಕಳಿ. ಬೇಗ ಬರ್ಕಳಿ, ಕೈಯಾಗೆ ಸಾರಿನ ಬಕೀಟ್ ಐತೆ."

ಹಿಸ್ಟರಿ ಎಂಬ ಆ ಕಡತ ಎಲ್ಲಿರುತ್ತದೆ, ಹೇಗೆ ತೆರೆಯಬೇಕು ಎಂಬುದನ್ನು ಆತ ಒಂದೊಂದೇ ಅಕ್ಷರವಾಗಿ ಹೇಳಿದ. ಸುವರ್ಣಮ್ಮ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡರು. ಇನ್ನೊಂದು ಸೂಚನೆಯನ್ನೂ ಕೊಟ್ಟ. ಹೋದವನ್ನೆಲ್ಲ ಒಂದೊಂದಾಗಿ ತರಬೇಕಾಗಿಲ್ಲ. ಪರದೆಯ ವ್ಯವಸ್ಥೆಗೆ ಒಂದು ಒಟ್ಟು ಹೆಸರಿದೆ. ಗೊನೆಯನ್ನು ಕೇಳಿದರೆ ಕಾಯಿಗಳು ತಾವಾಗಿ ಬರುತ್ತವೆ.

ಈಗ ತೊಡಕು ಬೇರೆಯದು. ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲ ಸುವರ್ಣಮ್ಮ ಒಂದು ಬೆರಳಿನಲ್ಲಿ ಟೈಪು ಮಾಡುವವರು. ಒಂದು ಸಾಲಿಗೆ ಮೂರು ತಪ್ಪು. ಲಿನಕ್ಸ್ ತಪ್ಪನ್ನು ಕ್ಷಮಿಸುವುದಿಲ್ಲ, ಹಾಗೆಂದು ಬಯ್ಯುವುದೂ ಇಲ್ಲ, ಸುಮ್ಮನೆ ಗೊತ್ತಿಲ್ಲ ಎನ್ನುತ್ತದೆ. ತಪ್ಪಿಲ್ಲದೆ ಟೈಪು ಮಾಡಬಲ್ಲ ಶೋಭಿತಾಳಿಗೆ ಪರದೆ ಕಾಣದು, ಓದಿ ಹೇಳುವ ಮಾವನೂ ಇಲ್ಲ. ಆದ್ದರಿಂದ ಮಾವನ ಕೆಲಸ ಸುವರ್ಣಮ್ಮನವರ ಪಾಲಿಗೆ ಬಂತು. ಅವರು ಕನ್ನಡಕ ಏರಿಸಿ ಅಕ್ಷರ ಅಕ್ಷರವಾಗಿ ಓದಿದರು; ಇವಳು ಕುಟ್ಟಿದಳು.

"ಒಸಿ ಬಿರ್ರನೆ ಓದಿ ಅಮ್ಮ. ಮಾವ ಆಗಿದ್ರೆ ಇಷ್ಟೊತ್ಗೆ ಮುಗ್ಸಿರೋನು."

"ನಿಮ್ಮಾವುಂಗೆ ಮಂಡಿ ನೋವಿಲ್ಲ ಕಣವ್ವ, ಕಣ್ಣಾಗೆ ಪೊರೆ ಇಲ್ಲ. ಕುಟ್ಟು ನೀನು."

ಕಡತ ತೆರೆಯಿತು. ಆ ದಿನದ ತಾರೀಕಿನ ಕೆಳಗೆ ದಾಖಲೆಗಳು ಒಂದರ ಕೆಳಗೊಂದು ನಿಂತಿದ್ದವು. ಮೊದಲಿನವು ಆಟಗಳು, ಚಿತ್ರ ಬರೆಯುವುದು. ಅವು ಹೋದದ್ದು ಸರಿ. ಒಂಬತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಆ ಅಡ್ಡಗೀಟಿನ ಹೆಸರು ಮತ್ತು ಅದರ ಬೆನ್ನಿಗೆ ಹೋದವುಗಳ ಸಾಲು. ಅದಾದ ಆರು ನಿಮಿಷಕ್ಕೆ ಇನ್ನೂರ ಹದಿನಾಲ್ಕು. ಸುವರ್ಣಮ್ಮ ಅಡ್ಡಗೀಟಿನ ಹೆಸರಿದ್ದ ದಾಖಲೆಯನ್ನು ಓದಿದರು, ಈ ಸಲ ಒಂದು ಹೆಸರನ್ನೂ ಬಿಡದೆ. ನಾಲ್ಕನೆಯ ಸಾಲಿನಲ್ಲಿ ಮಾವನ ಹೆಸರಿತ್ತು. ಬೆಳಿಗ್ಗೆಯೂ ಅದು ಅಲ್ಲೇ ಇತ್ತು, ಕಣ್ಣೆದುರಿಗೇ. ಅವರು ಆ ಹೆಸರನ್ನು ಎರಡು ಸಲ ಓದಿ, ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡರು.

ಗೊನೆಯ ಹೆಸರನ್ನೂ ಮಾವನ ಹೆಸರನ್ನೂ ಬರೆದು, ತಾ ಎಂದು ಆಜ್ಞೆ ಕೊಟ್ಟರು. ವಸ್ತುಗಳು ಇಂಟರ್ನೆಟ್ಟಿನಿಂದ ಇಳಿದು ಬರತೊಡಗಿದವು. ಎಲ್ಲ ಇಳಿದು, ಜೋಡಣೆ ಅರ್ಧವಾಗಿದ್ದಾಗ, ನಾಲ್ಕು ಗಂಟೆಗೆ ಕರೆಂಟು ಹೋಯಿತು. ಲೈನಿನ ಕೆಲಸ, ಆರೂವರೆಗೆ ಬರುತ್ತದೆ ಎಂದು ಎದುರು ಮನೆಯವರು ಹೇಳಿದರು. ಮೊಸಳೆ ಕಡೆಗೆ ಶೋಭಿತಾ ಹಿಡಿಯಬೇಕಾದ ಬಸ್ಸು ಅದಕ್ಕಿಂತ ಮೊದಲೇ ಹೊರಡುತ್ತಿತ್ತು. ಸುವರ್ಣಮ್ಮ ಬಸ್ಸಿನವರೆಗೆ ಕೈಹಿಡಿದು ಕರೆದೊಯ್ದರು. ಬಸ್ಸು ಹತ್ತುವಾಗ ಶೋಭಿತಾ, ನಾಳೆ ಒಂಬತ್ತಕ್ಕೆ ಬರುತ್ತೇನೆ, ನಾನಿಲ್ಲದಾಗ ಏನನ್ನೂ ತೆಗೆಯಬೇಡಿ ಎಂದಳು. ಬಸ್ಸಿನಲ್ಲಿದ್ದವರು ಆ ಮಾತನ್ನು ಕೇಳಿಸಿಕೊಂಡರು. ಸುದ್ದಿ ಹುಟ್ಟಿದ್ದು ಬಹುಶಃ ಅಲ್ಲಿಯೇ.

ಭಾನುವಾರ ಬೆಳಿಗ್ಗೆ ಯಂತ್ರ ಹಚ್ಚಿದಾಗ ಅದು ಮುನಿಸಿಕೊಂಡಿತ್ತು. ಹೊಸ ಆಜ್ಞೆ ಯಾವುದನ್ನೂ ಕೇಳಲಿಲ್ಲ. ನಿನ್ನೆಯ ಕೆಲಸ ಅರ್ಧಕ್ಕೆ ನಿಂತಿದೆ, ಅದನ್ನು ಪೂರ್ತಿಗೊಳಿಸಲು ಈ ಸಾಲನ್ನು ಬರೆಯಿರಿ ಎಂದು ಅದೇ ಪರದೆಯ ಮೇಲೆ ತೋರಿಸಿತು. ಕೆಟ್ಟದ್ದೇನು, ರಿಪೇರಿ ಹೇಗೆ ಎಂದು ತಾನೇ ಹೇಳುವ ಪಂಪು ಒಂದಾದರೂ ಗೊರೂರಿನಲ್ಲಿ ಇದ್ದಿದ್ದರೆ ಎಂದು ಸುವರ್ಣಮ್ಮ ಬೆರಗಾದರು. ಅವರು ಆ ಸಾಲನ್ನು ಓದಿದರು, ಶೋಭಿತಾ ಕುಟ್ಟಿದಳು. ನಿಂತದ್ದು ಮುಂದುವರಿಯಿತು. ಉಳಿದದ್ದೆಲ್ಲ ಸೇರಿಕೊಳ್ಳುವಾಗ ಹನ್ನೊಂದೂವರೆ. ಯಂತ್ರವನ್ನು ಆರಿಸಿ ಹಚ್ಚಿದರು.

ಪರದೆಯ ಮೇಲೆ ಮೊದಲಿನ ಚಿತ್ರ ಬಂತು. ಬಂತು ಕಣವ್ವ ಎಂದು ಸುವರ್ಣಮ್ಮ ಹೇಳಿದರೂ ಶೋಭಿತಾ ನಂಬದೆ ತಲೆ ವಾಲಿಸಿಕೊಂಡು ಕಾದಳು. ಮೂರು ಕ್ಷಣ ಕಳೆದು ಸ್ಪೀಕರಿನೊಳಗೆ ರಾಗಿ ಮಿಷನ್ ಓಡಿತು. ಹೊಸದಾಗಿ ಬಂದವನಾದರೂ ಮಾವ ಮಾತಾಡಿದ್ದು ಶೋಭಿತಾಳ ಹಳೆಯ ವೇಗದಲ್ಲೇ. ಅದರ ಗುಟ್ಟನ್ನು ಸಿದ್ದೇಶ್ವರ ಆಮೇಲೆ ತಿಳಿಸಿದ: ತಂತ್ರಾಂಶವನ್ನು ತೆಗೆದರೂ, ಬಳಸುವವರು ತಮಗೆ ಬೇಕಾದಂತೆ ಮಾಡಿಕೊಂಡ ಹೊಂದಾಣಿಕೆಗಳು ಅವರವರ ಹೆಸರಿನ ಕಡತಕೋಶದಲ್ಲಿ ಹಾಗೇ ಉಳಿಯುತ್ತವೆ. ಆಳು ಬದಲಾದರೂ ಅಳತೆ ಉಳಿದಿರುತ್ತದೆ.

ಇಷ್ಟಾದರೂ ಕನ್ನಡ ಟೈಪಾಗಲಿಲ್ಲ. ಕನ್ನಡದ ಕೀಲಿಮಣೆ ತಂತ್ರಾಂಶ ಆ ಇನ್ನೂರ ಹದಿನಾಲ್ಕರೊಳಗೆ ಎಲ್ಲೋ ಹೋಗಿತ್ತು. ಎಲ್ಲವನ್ನೂ ಹಿಂದಕ್ಕೆ ತರೋಣ ಎಂದರು ಸುವರ್ಣಮ್ಮ, ಎರಡು ದಿನದಲ್ಲಿ ಮೊದಲ ಬಾರಿಗೆ ತಮ್ಮ ಕೆಂಪು ಪೆನ್ಸಿಲಿನ ಮೇಲೆ ನಂಬಿಕೆ ಕಳೆದುಕೊಂಡವರಂತೆ. ಶೋಭಿತಾ ಒಪ್ಪಲಿಲ್ಲ. ಹಾಗೆ ಮಾಡಿದರೆ ಡಿಸ್ಕು ಮತ್ತೆ ತುಂಬಿ, ಸೋಮವಾರ ಸಮಿತಿಯ ಎದುರು ಯಂತ್ರ ತಡವರಿಸುತ್ತದೆ. ಆಕೆ ಮಾವನ ಕೈಯಲ್ಲೇ ಪಟ್ಟಿಯನ್ನು ಓದಿಸಿದಳು. ಮಾವ ಬಡಬಡನೆ ಓದುತ್ತ ಹೋದ. ಶೋಭಿತಾ ಕಣ್ಣು ಮುಚ್ಚಿ, ಬೇಡ, ಬೇಡ, ಬೇಕು, ಗೊತ್ತಿಲ್ಲ ಎನ್ನುತ್ತ ಹೋದಳು. ಏನೂ ಅರ್ಥವಾಗದ ಸುವರ್ಣಮ್ಮ ಬೇಕು ಎಂಬ ಮಾತು ಬಂದಾಗ ಮಾತ್ರ ಕಾಗದದ ಮೇಲೆ ಗೀಟು ಹಾಕಿದರು. ಕನ್ನಡದ ಕೀಲಿಮಣೆ ನೂರ ಅರವತ್ತಮೂರನೆಯದಾಗಿ ಸಿಕ್ಕಿತು. ಒಟ್ಟು ಬೇಕಾದವು ಏಳು. ಅವನ್ನು ತಂದ ಮೇಲೆ ಡಿಸ್ಕು ಎಪ್ಪತ್ತೊಂಬತ್ತು. ಉಪ್ಪಿಟ್ಟು ನಿನ್ನೆಯದಾಗಿದ್ದರಿಂದ ಸುವರ್ಣಮ್ಮ ಹೊಸದಾಗಿ ಅವರೆಕಾಳು ಸಾರು ಮಾಡಿ ಮುದ್ದೆ ಬಡಿಸಿದರು. ಊಟ ಮುಗಿಸಿ ಶೋಭಿತಾ ಸಂಜೆಯ ಬಸ್ಸಿನವರೆಗೂ ಟೈಪು ಮಾಡಿದಳು.

ಸೋಮವಾರ ಇಬ್ಬರೂ ಚನ್ನರಾಯಪಟ್ಟಣದ ಬಸ್ಸು ಹತ್ತಿದರು. ಜಮಖಾನದಲ್ಲಿ ಸುತ್ತಿದ ಸಿಪಿಯು ಸುವರ್ಣಮ್ಮನವರ ತೊಡೆಯ ಮೇಲೆ, ಕೀಲಿಮಣೆ ಮತ್ತು ಸ್ಪೀಕರು ಶೋಭಿತಾಳ ಚೀಲದಲ್ಲಿ. ಹನ್ನೊಂದಕ್ಕೆ ಸಮಿತಿಯ ಐವರು ಮೇಜಿನ ಸುತ್ತ ಕುಳಿತಿದ್ದರು. ಜಮಖಾನ ಬಿಚ್ಚಿದ್ದನ್ನು ನೋಡಿ ದೊಡ್ಡಯ್ಯ ಬಾಗಿಲಿನ ಕಡೆ ಕತ್ತು ಚಾಚಿದರು.

"ಟೀವಿ ಎಲ್ಲಮ್ಮ? ಬಸ್ನಾಗೇ ಬುಟ್ ಬಂದ್ರಾ?"

"ನಂಗೆ ಅದ್ರಿಂದ ಏನಾಗ್ಬೇಕು ಸಾ," ಎಂದಳು ಶೋಭಿತಾ. "ನೀವು ನೋಡ್ಬೇಕು ಅಂದ್ರೆ ನಿಮ್ದೇ ಒಂದ್ ತಗುಲಾಕಳಿ."

ಸಮಿತಿಯವರು ನಕ್ಕರು. ಸಂಘದ ಪರದೆಯನ್ನು ಅವರೇ ತಂದು ಜೋಡಿಸಿದರು. ಕಾಯಿಗೆ ತಗುಲಿದ ನುಸಿರೋಗದ ಬಗ್ಗೆ ತೋಟಗಾರಿಕೆಯವರಿಗೆ ಬರೆಯಬೇಕಾದ ಒಂದು ಪತ್ರವನ್ನು ದೊಡ್ಡಯ್ಯ ಹೇಳತೊಡಗಿದರು. ಮೊದಲು ಬಿಡಿಸಿ ಬಿಡಿಸಿ, ಆಮೇಲೆ ಬೇಗ ಬೇಗ, ಕೊನೆಗೆ ಸದಸ್ಯರೊಂದಿಗೆ ಮಾತಾಡುವ ಧಾಟಿಯಲ್ಲಿ ಎಲ್ಲವನ್ನೂ ಮರೆತು. ಶೋಭಿತಾ ಜೊತೆಜೊತೆಗೇ ಕುಟ್ಟಿದಳು. ಮುಗಿದ ಮೇಲೆ ಮಾವ ಒಮ್ಮೆ ಓದಿದ, ಯಾರಿಗೂ ಏನೂ ತಿಳಿಯಲಿಲ್ಲ. ಮೂರನೆಯ ಪ್ಯಾರಾದಲ್ಲಿ ಹೇಳಿದ್ದನ್ನೇ ಐದನೆಯದರಲ್ಲೂ ಹೇಳಿದ್ದೀರಿ ಸಾರ್, ಒಂದನ್ನು ತೆಗೆಯಲೇ ಎಂದು ಶೋಭಿತಾ ಕೇಳಿದಳು. ದೊಡ್ಡಯ್ಯ ಪರದೆಗೆ ಮುಖ ಹತ್ತಿಸಿ ಎರಡೂ ಪ್ಯಾರಾ ಓದಿದರು. ಆಮೇಲೆ ಸಮಿತಿಯವರ ಕಡೆ ತಿರುಗಿ, ಇಷ್ಟು ವರ್ಷ ನನ್ನ ಪತ್ರಗಳನ್ನು ಕಣ್ಣಿದ್ದವರೇ ಟೈಪು ಮಾಡುತ್ತಿದ್ದರು, ಒಬ್ಬರೂ ಇದನ್ನು ಹೇಳಲಿಲ್ಲ ಎಂದರು.

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಸೂಚನೆ ಮೂಡಿತು. ಕೆಲವು ತಂತ್ರಾಂಶಗಳನ್ನು ನವೀಕರಿಸಬಹುದು ಎಂದು ಮಾವ ಓದಿ ಹೇಳಿದ. ಸುವರ್ಣಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಹಾಕಿಕೊಂಡು ಕುಳಿತಿದ್ದರು. ಇನ್ನೊಬ್ಬ ಅಭ್ಯರ್ಥಿಯ ಪರೀಕ್ಷೆಯೂ ನಡೆಯಿತು, ಆತನೂ ಚುರುಕಿನವನೇ. ಸಮಿತಿ ಒಂದು ಗಂಟೆ ಚರ್ಚಿಸಿ, ಆತನಿಗೆ ಮಾರಾಟ ವಿಭಾಗದ ಕೆಲಸವನ್ನೂ ಶೋಭಿತಾಳಿಗೆ ಪತ್ರಗಳ ಕೆಲಸವನ್ನೂ, ಮೂರು ತಿಂಗಳ ಪರೀಕ್ಷಾ ಅವಧಿಯ ಮೇಲೆ, ಕೊಟ್ಟಿತು.

ಆ ಅವಧಿ ಮುಗಿದು ಈಗ ಎಂಟು ತಿಂಗಳಾಗಿದೆ. ಶೋಭಿತಾ ವಾರಕ್ಕೆ ಮೂರು ದಿನ ಸಂಘದಲ್ಲಿ ಪತ್ರಗಳನ್ನು ಟೈಪು ಮಾಡುತ್ತಾಳೆ. ಮೂರನೆಯ ಕಂಪ್ಯೂಟರ್ ಅಲ್ಲಿಯೇ, ಅವಳ ಮೇಜಿನ ಮೇಲಿದೆ. ತಿಂಗಳ ಮೊದಲ ಶನಿವಾರ ಸುವರ್ಣಮ್ಮ ಅಲ್ಲಿಗೆ ಹೋಗುತ್ತಾರೆ. ಯಾವುದನ್ನಾದರೂ ತೆಗೆಯುವುದಿದ್ದರೆ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಶೋಭಿತಾ ಒಪ್ಪಿದ ಮೇಲೆ ತೆಗೆಯುತ್ತಾರೆ. ಹೊಳೆನರಸೀಪುರದ ಕೋಣೆಯಲ್ಲಿ ನಾಲ್ಕು ಕಂಪ್ಯೂಟರುಗಳಿವೆ, ಒಂಬತ್ತು ಹೆಂಗಸರು ಕಲಿಯುತ್ತಿದ್ದಾರೆ.